ದುಡ್ಡು ಕಟ್ಟುವ ಮೊದಲು

ಅಜ್ಜರಕಾಡು, ಉಡುಪಿ

ಪ್ರೀತಿಯ ಪುಟ್ಟಿ,

ನೀನು ಎಂಬಿಎ ಅಂದುಕೊಂಡು ಕಳಿಸಿದ ಆನ್‌ಲೈನ್ ಕೋರ್ಸಿನ ಪುಸ್ತಿಕೆಯನ್ನು ಎರಡು ಸಲ ಓದಿದೆ. ಪುಟಪುಟದಲ್ಲೂ ಯೂನಿವರ್ಸಿಟಿ ಹೆಸರು ದೊಡ್ಡದಾಗಿದೆ. ಎಂಬಿಎ ಅನ್ನುವ ಮಾತು ಮಾತ್ರ ಎಲ್ಲೂ ಇಲ್ಲ. 'ಪೋಸ್ಟ್ ಗ್ರಾಜುಯೇಟ್ ಪ್ರೋಗ್ರಾಂ' ಅಂತಿದೆ. ಕೊನೆಗೆ ಕೊಡುವುದು ಸರ್ಟಿಫಿಕೇಟು ಅಷ್ಟೇ ಮಾರಾಯ್ತಿ.

ನಾನು ಕಾಲೇಜು ಆಫೀಸಿನಲ್ಲಿದ್ದಾಗ ಒಬ್ಬ ಹುಡುಗ ಲೆಕ್ಚರರ್ ಕೆಲಸಕ್ಕೆ ಅರ್ಜಿ ಹಿಡಿದು ಬಂದಿದ್ದ. ಪ್ಲಾಸ್ಟಿಕ್ ಹಾಳೆಯೊಳಗೆ ಜೋಪಾನವಾಗಿಟ್ಟ ಸರ್ಟಿಫಿಕೇಟು, ಮೂಲೆಯಲ್ಲಿ ಚಿನ್ನದ ಬಣ್ಣದ ಸೀಲು. ಸುಳ್ಳು ಕಾಗದ ಅಲ್ಲ. ಯೂನಿವರ್ಸಿಟಿಯೂ ನಿಜ, ಅವನು ಕಲಿತದ್ದೂ ನಿಜ. ಆದರೆ ಅದು ಪದವಿ ಅಲ್ಲ. ಅರ್ಜಿಯ ಮೇಲೆ 'ಅರ್ಹತೆ ಇಲ್ಲ' ಅಂತ ಬರೆದವನು ನಾನೇ. "ಇದು ಯೂನಿವರ್ಸಿಟಿಯದ್ದೇ ಅಲ್ವಾ ಸಾರ್?" ಅಂತ ಅವನು ಸೀಲಿನ ಮೇಲೆ ಬೆರಳಿಟ್ಟು ಕೇಳಿದ್ದು ಇವತ್ತಿಗೂ ಕಣ್ಣ ಮುಂದಿದೆ.

ಪದವಿ ಅನ್ನುವುದು ಕಾನೂನಿನ ಮಾತು. ಯುಜಿಸಿ ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ; ಅದರ 1956ರ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಪದವಿಯನ್ನು ಎಲ್ಲರೂ ಕೊಡುವ ಹಾಗಿಲ್ಲ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದ ಹಾಗೆ ಕಾಯ್ದೆಯಿಂದ ಹುಟ್ಟಿರಬೇಕು. ಇಲ್ಲವೇ ಮಣಿಪಾಲದ ಹಾಗೆ ಡೀಮ್ಡ್, ಅಂದರೆ ಯೂನಿವರ್ಸಿಟಿಗೆ ಸಮ ಅಂತ ಸರಕಾರ ಒಪ್ಪಿದ್ದಾಗಿರಬೇಕು. ಅದೂ ಇಲ್ಲದಿದ್ದರೆ ಸುರತ್ಕಲ್ಲಿನ ಎನ್‌ಐಟಿಕೆ ಇಂಜಿನಿಯರಿಂಗ್ ಸಂಸ್ಥೆಯ ಹಾಗೆ ಸಂಸತ್ತೇ ಅಧಿಕಾರ ಕೊಟ್ಟಿರಬೇಕು. ಬಿಎ, ಎಂಬಿಎ ಅಂಥ ಹೆಸರುಗಳನ್ನೂ ಯುಜಿಸಿ ಗೆಜೆಟ್ಟಿನಲ್ಲಿ ಗೊತ್ತುಮಾಡಿದೆ. ಅಧಿಕಾರ ಇರುವ ಯೂನಿವರ್ಸಿಟಿ ಕೂಡ ತನ್ನಷ್ಟಕ್ಕೆ ನಡೆಸುವ ಸರ್ಟಿಫಿಕೇಟ್ ಕೋರ್ಸು ಪದವಿ ಆಗುವುದಿಲ್ಲ. ಅಷ್ಟು ದೊಡ್ಡ ಮ್ಯಾನೇಜ್‌ಮೆಂಟ್ ಸಂಸ್ಥೆಗಳಾದ ಐಐಎಂಗಳೇ 2017ರ ಕಾಯ್ದೆ ಬರುವವರೆಗೆ ಡಿಪ್ಲೊಮಾ ಕೊಡುತ್ತಿದ್ದವು, ಎಂಬಿಎ ಪದವಿ ಅಲ್ಲ. ಆ ಡಿಪ್ಲೊಮಾಕ್ಕೆ ಮರ್ಯಾದೆ ಜಾಸ್ತಿ ಇತ್ತು, ಅದು ಬೇರೆ ಮಾತು.

ಬರೀ ಕಲಿಯಲಿಕ್ಕೆ ಅಂತಾದರೆ ಧಾರಾಳವಾಗಿ ಸೇರು. ಈಗಿನ ಕಂಪನಿ ಕೆಲಸಕ್ಕೆ ಉಪಯೋಗವೂ ಆದೀತು. ಆದರೆ ನಿನಗೆ ಲೆಕ್ಚರರ್ ಕೆಲಸದ ಅರ್ಹತಾ ಪರೀಕ್ಷೆ ಕೆ-ಸೆಟ್ ಬರೆದು ಪಾಠ ಮಾಡುವ ಆಸೆ ಇದೆಯಲ್ಲ. ಅಲ್ಲಿ ಸ್ನಾತಕೋತ್ತರ ಪದವಿಯೇ ಬೇಕು. ಆ ಮೇಜಿನ ಆಚೆ ನೀನು ನಿಲ್ಲುವುದನ್ನು ನೆನೆಸಿದರೆ ನನಗೆ ಸಂಕಟವಾಗುತ್ತದೆ.

ಅವರಿಗೊಂದು ಮೇಲ್ ಹಾಕು. ಕೊನೆಗೆ ಸಿಗುವ ಕಾಗದದಲ್ಲಿ ಯಾವ ಹೆಸರು ಅಚ್ಚಾಗುತ್ತದೆ, ಪದವಿ ಅಂತಾದರೆ ಆನ್‌ಲೈನಿನಲ್ಲಿ ನಡೆಸಲು ಈ ವರ್ಷಕ್ಕೆ ಯುಜಿಸಿ ಒಪ್ಪಿಗೆ ಇದೆಯಾ ಅಂತ ಕೇಳು. ಫೋನಿನಲ್ಲಿ ಹೇಳಿದರೆ ಸಾಲದು, ಬರಹದಲ್ಲೇ ಬರಲಿ. ಒಪ್ಪಿಗೆ ಪಡೆದವರ ಪಟ್ಟಿ ಯುಜಿಸಿ ವೆಬ್‌ಸೈಟಿನಲ್ಲೇ ಇದೆ, ನೀನೇ ತಾಳೆ ನೋಡು.

ಅಪ್ಪ ಪಿಎಫ್‌ನಿಂದ ದುಡ್ಡು ತೆಗೆಯುತ್ತಾನಂತೆ. ಉತ್ತರ ಬರುವವರೆಗೆ ತಡೆ ಅಂತ ಅವನಿಗೂ ಹೇಳಿದ್ದೇನೆ. ಶನಿವಾರ ಬಾ, ದೊಡ್ಡಮ್ಮ ಪತ್ರೊಡೆ ಮಾಡುತ್ತಾಳೆ. ಆ ಮೇಲ್ ಕೂಡ ತೋರಿಸು.

ನಿನ್ನ ದೊಡ್ಡಪ್ಪ