ಈ ಭಾನುವಾರ ಟೀನಾ ಟರ್ನರ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ ಗುಂಪಿನಲ್ಲಿ ಅಮೆರಿಕ ಮೂಲದ ಗಾಯಕಿ ಟೀನಾ ಟರ್ನರ್ ಹಾಡುಗಳ ಸರದಿ. 1984ರ 'ಪ್ರೈವೇಟ್ ಡ್ಯಾನ್ಸರ್' ಆಲ್ಬಮ್ ಮೊದಲೇ ಕೇಳಿಕೊಂಡು ಬನ್ನಿ.

ಹೊಡೆಯುತ್ತಿದ್ದ ಗಂಡ ಐಕ್‌ನನ್ನು ಬಿಟ್ಟು 1976ರಲ್ಲಿ ಡಲ್ಲಾಸ್‌ನ ಹೋಟೆಲಿನಿಂದ ಓಡಿದಾಗ ಅವರ ಕೈಯಲ್ಲಿ ಇದ್ದದ್ದು 36 ಸೆಂಟ್ ಮತ್ತು ಒಂದು ಪೆಟ್ರೋಲ್ ಕಾರ್ಡ್, ಅಷ್ಟೇ. ವಿಚ್ಛೇದನದಲ್ಲಿ ಆಸ್ತಿಗಿಂತ ಜಾಸ್ತಿ ಪಟ್ಟು ಹಿಡಿದದ್ದು 'ಟೀನಾ ಟರ್ನರ್' ಎಂಬ ಹೆಸರಿಗೆ. ಜಾಣತನ ಅಂದ್ರೆ ಇದು, ಅಲ್ವಾ? 44ನೇ ವಯಸ್ಸಿನಲ್ಲಿ ಅದೇ ಹೆಸರಲ್ಲಿ ಅಮೆರಿಕದ ನಂಬರ್ ಒನ್ ಹಾಡು ಕೊಟ್ಟರು. ಮುಂದೆ ಮದುವೆಯಾದ ಎರ್ವಿನ್ ಬಾಖ್ 2017ರಲ್ಲಿ ಅವರಿಗೆ ತಮ್ಮ ಕಿಡ್ನಿಯನ್ನೇ ಕೊಟ್ಟರು.

ಹಾಡಿನ ಬಗ್ಗೆ ಎಷ್ಟಾದರೂ ಬರೆಯಿರಿ. ನಟ-ನಟಿಯರ ಡಿವೋರ್ಸ್ ಗಾಸಿಪ್ ಮಾತ್ರ ಸುಮ್ನೆ ಫಾರ್ವರ್ಡ್ ಮಾಡಬೇಡಿ, ಅಳಿಸಿಬಿಡುತ್ತೇನೆ. ಲಿಂಕ್ ಶನಿವಾರ ಹಾಕುತ್ತೇನೆ.