ನಾಯಿ ಬೊಗಳಿದ ಹೊತ್ತನ್ನು ಮೊದಲೇ ಬರೆದಿಡೋಣ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ವಾರ ಒಂದು ರಾತ್ರಿ ನಮ್ಮ ಊರಿನ ಅರ್ಧ ಜನ ಹೊಲದಲ್ಲಿ ಮಲಗಿದರು. ಮೊಬೈಲಿಗೆ ಬಂದ ಒಂದು ಧ್ವನಿ ಸಂದೇಶ ಇದಕ್ಕೆ ಕಾರಣ. ‘ಎಲ್ಲಾ ಊರಾಗೂ ನಾಯಿ ಊಳಿಡ್ಲಿಕತ್ಯಾವ, ಇವತ್ತ ರಾತ್ರಿ ಎರಡಕ್ಕ ದೊಡ್ಡ ಭೂಕಂಪ ಆಗ್ತದ, ಯಾರೂ ಮನ್ಯಾಗ ಮಲಗಬ್ಯಾಡ್ರಿ’ ಎಂದು ಯಾರೋ ಹೇಳಿದ್ದರು. ಎರಡಾಯಿತು, ಮೂರಾಯಿತು, ಏನೂ ಆಗಲಿಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿಗೆ ಜ್ವರ ಇತ್ತು. ಅವರನ್ನೂ ಹೊರಸಿನ ಸಮೇತ ಎತ್ತಿಕೊಂಡು ಹೋಗಿ ತೊಗರಿ ಹೊಲದ ಬದುವಿನಲ್ಲಿ ಮಲಗಿಸಿದ್ದರು. ಬೆಳಿಗ್ಗೆ ನೋಡಿದರೆ ಇಬ್ಬನಿಗೆ ಕೌದಿ ಪೂರ್ತಿ ತೊಯ್ದಿತ್ತು. ಆ ಅಜ್ಜಿ ಇನ್ನೂ ಕೆಮ್ಮುತ್ತಿದ್ದಾರೆ.

ನಾನು ಚಿಂಚೋಳಿ ತಾಲ್ಲೂಕಿನ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ಮನೆಯಲ್ಲಿ ಮೋತ್ಯಾ ಎಂಬ ನಾಯಿ, ಒಂದು ಎಮ್ಮೆ ಇವೆ. ಹೊಲಕ್ಕೆ ಹೋಗಿ ಮಲಗಿದವರನ್ನು ನಾನು ದಡ್ಡರು ಅನ್ನುವುದಿಲ್ಲ. ನಮ್ಮ ಕಡೆ ಭಯಕ್ಕೆ ಕಾರಣ ಇದೆ. 2021ರ ಅಕ್ಟೋಬರಿನಲ್ಲಿ ನಮ್ಮ ತಾಲ್ಲೂಕಿನ ಗಡಿಕೇಶ್ವರದ ಸುತ್ತಮುತ್ತ ನೆಲದೊಳಗಿನಿಂದ ಗುಡುಗಿನಂಥ ಸದ್ದು ಬರುತ್ತಿತ್ತು. ಅಲ್ಲಿ ಕಂಪನದ ತೀವ್ರತೆ 4ರ ಆಸುಪಾಸಿಗೂ ಹೋಯಿತು. ಎಷ್ಟೋ ಕುಟುಂಬಗಳು ಊರು ಬಿಟ್ಟು ನೆಂಟರ ಮನೆ ಸೇರಿದವು. ಮಳೆಗಾಲದ ನೀರು ಸುಣ್ಣದಕಲ್ಲಿನ ಪೊಟರೆಗಳಿಗೆ ಇಳಿದಾಗ ಹೀಗೆ ಆಗುತ್ತದೆ ಎಂದು ಭೂವಿಜ್ಞಾನಿಗಳು ಬಂದು ವಿವರಿಸಿದರು. ವಿವರಣೆ ಕೇಳಿದ ಮೇಲೂ ರಾತ್ರಿ ನಿದ್ದೆ ಬರಬೇಕಲ್ಲ?

ಆ ತಿಂಗಳಿನ ಒಂದು ರಾತ್ರಿಯ ಮಾತು ಹೇಳುತ್ತೇನೆ. ಊಟ ಮುಗಿದಿತ್ತು. ಮೋತ್ಯಾ ಕಟ್ಟೆಯ ಮೇಲೆ ಮಲಗಿತ್ತು. ಇದ್ದಕ್ಕಿದ್ದಂತೆ ಎದ್ದು ನಿಂತಿತು. ನಾಲ್ಕೂ ಕಾಲು ಅಗಲಿಸಿ, ಕಿವಿ ನಿಮಿರಿಸಿ, ಬಾಲವನ್ನು ಹೊಟ್ಟೆಯ ಕೆಳಗೆ ಸೇರಿಸಿಕೊಂಡು ನೆಲವನ್ನೇ ನೋಡತೊಡಗಿತು. ‘ನಾಯಿಗಿ ಏನಾಗ್ಯಾದ ನೋಡ್ರಿ’ ಎಂದಳು ನನ್ನ ಹೆಂಡತಿ. ಆಮೇಲೆ ಗುಡುಗಿನಂಥ ಸದ್ದು. ಅಡುಗೆಮನೆಯ ಹಲಗೆಯ ಮೇಲಿನ ಸ್ಟೀಲ್ ತಾಟುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ನಾವೆಲ್ಲ ಅಂಗಳಕ್ಕೆ ಓಡಿದೆವು.

ಮರುದಿನ ಬೆಳಿಗ್ಗೆ ಮನೆಯವರನ್ನೇ ಕೂಡಿಸಿ ಕೇಳಿದೆ: ನಾಯಿ ಎದ್ದು ನಿಂತಿದ್ದಕ್ಕೂ ಸದ್ದಿಗೂ ನಡುವೆ ಎಷ್ಟು ಹೊತ್ತು ಆಗಿರಬಹುದು? ಹೆಂಡತಿ ‘ಐದು ನಿಮಿಷ ಆಗಿರಬೇಕು’ ಎಂದಳು. ನನ್ನ ನೆನಪಿನಲ್ಲಿ ಅರ್ಧ ನಿಮಿಷ ಇತ್ತು. ಒಂಬತ್ತು ವರ್ಷದ ಮೊಮ್ಮಗ ‘ಇಲ್ಲ ಮುತ್ಯಾ, ಸಪ್ಪಳ ಬಂದ ಮ್ಯಾಲೇ ಮೋತ್ಯಾ ಎದ್ದದ್ದು’ ಎಂದ. ಒಂದೇ ಮನೆ, ಒಂದೇ ನಾಯಿ, ನಡುವೆ ಒಂದು ರಾತ್ರಿ ಮಾತ್ರ ಕಳೆದಿತ್ತು. ಮೂವರಿಗೆ ಮೂರು ನೆನಪು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಅವತ್ತೇ ನಾನು ಬರೆದಿಡಲು ಶುರು ಮಾಡಿದ್ದು.

ಪ್ರಾಣಿಗಳಿಗೆ ನಮಗಿಂತ ಮುಂಚೆ ಗೊತ್ತಾಗುತ್ತದೆ ಎಂಬುದರಲ್ಲಿ ನನಗೆ ಅನುಮಾನ ಇಲ್ಲ. ಅದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. 1993ರಲ್ಲಿ ಆಳಂದ ತಾಲ್ಲೂಕಿನ ಒಂದು ಊರಿನಲ್ಲಿ ಕೆಲಸಕ್ಕಿದ್ದೆ. ಒಬ್ಬ ರೈತರ ಮನೆಯಲ್ಲಿ ಬಾಡಿಗೆ ಕೋಣೆ. ಗೋಡೆಯ ಆಚೆ ದನದ ಕೊಟ್ಟಿಗೆ. ಸೆಪ್ಟೆಂಬರ್ 30ರ ನಸುಕಿನಲ್ಲಿ ಎಚ್ಚರ ಆಯಿತು. ಎತ್ತುಗಳ ಕೊರಳಿನ ಗಂಟೆಗಳು ಒಟ್ಟಿಗೆ ಬಾರಿಸುತ್ತಿದ್ದವು. ಮೇವಿಗೆ ಕತ್ತು ಹಾಕಿದಾಗ ಒಂದೊಂದೇ ಬರುವ ಸದ್ದಲ್ಲ ಅದು. ಎರಡೂ ಎತ್ತು ಒಮ್ಮೆಲೇ ಹಗ್ಗ ಜಗ್ಗಿ ಎದ್ದಿದ್ದವು. ಯಾಕಿರಬಹುದು ಎಂದು ನಾನು ಎದ್ದು ಕೂರುವಷ್ಟರಲ್ಲಿ ಹೊರಸು ಓಲಾಡಿತು. ಹೊತ್ತು 3 ಗಂಟೆ 56 ನಿಮಿಷ. ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 6.2 ತೀವ್ರತೆಯ ಭೂಕಂಪ ಆಗಿತ್ತು ಎಂದು ಗೊತ್ತಾದದ್ದು ರೇಡಿಯೊ ಹಾಕಿದ ಮೇಲೆ.

ಕಿಲ್ಲಾರಿ ಅಲ್ಲಿಂದ ನೇರ ಲೆಕ್ಕದಲ್ಲಿ ಐವತ್ತು-ಅರವತ್ತು ಕಿಲೋಮೀಟರ್. ಭೂಮಿ ಒಳಗೆ ಬಿರಿದಾಗ ಎರಡು ಬಗೆಯ ಅಲೆಗಳು ಹೊರಡುತ್ತವೆ. ಮೊದಲನೆಯದು ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ. ಅದು ತೀರಾ ಸಣ್ಣ ನಡುಕ, ಮಲಗಿದ ಮನುಷ್ಯನಿಗೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಮನೆಯನ್ನು ಅಲ್ಲಾಡಿಸುವ ಎರಡನೆಯ ಅಲೆಯ ಓಟ ಸುಮಾರು ಮೂರೂವರೆ ಕಿಲೋಮೀಟರ್. ಲೆಕ್ಕ ಹಾಕಿದರೆ ನಮ್ಮ ಊರಿಗೆ ಎರಡರ ನಡುವೆ ಆರೇಳು ಸೆಕೆಂಡು ಅಂತರ. ಎತ್ತುಗಳು ಎದ್ದದ್ದು ಆ ಆರೇಳು ಸೆಕೆಂಡಿನಲ್ಲಿ. ಇದು ಪವಾಡ ಅಲ್ಲ. ನೆಲಕ್ಕೆ ಮೈ ತಾಗಿಸಿ ಮಲಗಿದ್ದ ಪ್ರಾಣಿಗೆ ಆ ಮೊದಲ ನಡುಕ ತಾಗಿತ್ತು, ಅಷ್ಟೇ. ಆದರೆ ಕಂಪನ ನಮ್ಮ ಕಾಲಡಿಯಲ್ಲೇ ಹುಟ್ಟಿದರೆ ಈ ಅಂತರ ಒಂದು ಸೆಕೆಂಡೂ ಇರುವುದಿಲ್ಲ. 2021ರಲ್ಲಿ ಆಗಿದ್ದು ಅದೇ. ಮೊಮ್ಮಗ ಹೇಳಿದ್ದೇ ಸರಿ ಇರಬಹುದು ಎಂದು ಈಗ ಅನ್ನಿಸುತ್ತದೆ.

ಗಂಟೆಗಳ ಮೊದಲು ಗೊತ್ತಾಗುತ್ತದಾ, ದಿನಗಳ ಮೊದಲು ಗೊತ್ತಾಗುತ್ತದಾ ಎಂಬುದೇ ಬೇರೆ ಪ್ರಶ್ನೆ. ಆಳಂದದ ನಮ್ಮ ಮನೆ ಮಾಲೀಕರು ‘ನಾಯಿ ಸಂಜೀಯಿಂದಲೇ ಅಳ್ಳಿಕತ್ತಿತ್ತು ಮಾಸ್ತರ್ರೆ’ ಎಂದು ವರ್ಷಗಟ್ಟಲೆ ಹೇಳುತ್ತಿದ್ದರು. ಆದರೆ ಹಿಂದಿನ ರಾತ್ರಿ ಗಣಪತಿ ಕಳಿಸುವ ದಿನ. ಊರೆಲ್ಲ ಹಲಗೆ ಬಡಿತ, ಪಟಾಕಿ. ಆ ಗದ್ದಲಕ್ಕೆ ಯಾವ ನಾಯಿ ತಾನೇ ಸುಮ್ನೆ ಮಲಗುತ್ತದೆ? ಭೂಕಂಪ ಆಗದೇ ಇದ್ದಿದ್ದರೆ ಆ ಅಳು ಅವರಿಗೆ ನೆನಪಿರುತ್ತಿತ್ತಾ?

ಅದಾಗಿ ಎಂಟು ದಿನಕ್ಕೆ ನಾವು ಕೆಲವು ಶಿಕ್ಷಕರು ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಕಿಲ್ಲಾರಿ ಕಡೆಗೆ ಹೋದೆವು. ಒಂದು ಕಲ್ಲಿನ ಗುಡ್ಡೆಯ ಮೇಲೆ ಕಂದು ಬಣ್ಣದ ನಾಯಿ ಕೂತಿತ್ತು. ರೊಟ್ಟಿ ಎಸೆದೆ. ಮೂಸಿ ನೋಡಿತು, ತಿನ್ನಲಿಲ್ಲ. ಭೂಕಂಪಕ್ಕೆ ಮೊದಲು ಅದು ಬೊಗಳಿತ್ತಾ, ಇಲ್ಲವಾ ಎಂದು ಕೇಳಲು ಆ ಮನೆಯವರು ಯಾರೂ ಉಳಿದಿರಲಿಲ್ಲ. ನಾಯಿ ಎಬ್ಬಿಸಿ ಬದುಕಿದವರ ಕಥೆ ನಮಗೆ ಸಿಗುತ್ತದೆ. ನಾಯಿ ಪಕ್ಕದಲ್ಲೇ ಮಲಗಿದ್ದು, ನಾಯಿಯೂ ಮನೆಯವರೂ ಸತ್ತ ಮನೆಗಳ ಕಥೆ ಎಲ್ಲಿಂದ ಸಿಗಬೇಕು?

ಈಗ ನನ್ನ ಪುಸ್ತಕದ ವಿಷಯ. ಬಳಸದೆ ಉಳಿದ ಒಂದು ಹಾಜರಿ ಪುಸ್ತಕ ಅದು. ತಾರೀಖು, ಹೊತ್ತು, ಮೋತ್ಯಾ ಏನು ಮಾಡಿತು, ಎಮ್ಮೆ ಏನು ಮಾಡಿತು, ಬೇರೆ ಕಾರಣ ಇತ್ತಾ ಎಂದು ಗೆರೆ ಎಳೆದು ಮನೆ (ಅಂಕಣ) ಹಾಕಿದ್ದೇನೆ. ಕೊನೆಯ ಮನೆ ಖಾಲಿ. ಎರಡು ದಿನದ ಒಳಗೆ ಕಂಪನ ಆಯಿತಾ ಎಂದು ಆಮೇಲೆ ತುಂಬುತ್ತೇನೆ. ಬರೆದ ಕೂಡಲೇ ಪುಟದ ಫೋಟೊ ತೆಗೆದು ಇಬ್ಬರು ಗೆಳೆಯರಿಗೆ ಕಳಿಸುತ್ತೇನೆ, ಹೊತ್ತಿಗೆ ಸಾಕ್ಷಿ ಇರಲಿ ಎಂದು.

ಮೊದಲ ಆರು ತಿಂಗಳಲ್ಲಿ 38 ಸಲ ಬರೆದೆ. ಕಟ್ಟಿಗೆ ರಾಶಿಯಲ್ಲಿ ಹಾವು, ದೀಪಾವಳಿ ಪಟಾಕಿ, ಪಕ್ಕದ ಓಣಿಯ ಹೊಸ ಬೆಕ್ಕು, ಬೆದೆಗೆ ಬಂದ ಎಮ್ಮೆ. ಕಾರ್ತಿಕ ಮಾಸದಲ್ಲಂತೂ ಊರಿನ ನಾಯಿಗಳ ಪಾಡು ಎಲ್ಲರಿಗೂ ಗೊತ್ತು, ಆ ಒಂದೇ ತಿಂಗಳಲ್ಲಿ 14 ಸಲ. ನಮಗೆ ಗೊತ್ತಾಗುವಂತೆ ನೆಲ ಅದುರಿದ್ದು ಆ ಅವಧಿಯಲ್ಲಿ ನಾಲ್ಕು ಸಲ. ಹಿಂದಿನ ಎರಡು ದಿನಗಳಲ್ಲಿ ಏನಾದರೂ ಬರೆದದ್ದು ಒಂದೇ ಕಂಪನಕ್ಕೆ ಮೊದಲು. ಬರೆಯದೇ ಇದ್ದಿದ್ದರೆ ಆ ಒಂದನ್ನೇ ನಾನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ, ಅದೂ ಪೂರ್ತಿ ನಂಬಿಕೊಂಡು. ಗಮನಿಸಿ, ಗಡಿಕೇಶ್ವರದ ಕಂಪನಗಳೂ ಕಿಲ್ಲಾರಿ ಭೂಕಂಪವೂ ಆದದ್ದು ಹಬ್ಬಗಳ ಗದ್ದಲದ, ನಾಯಿಗಳ ಗಲಾಟೆಯ ಕಾಲದಲ್ಲೇ.

ದೊಡ್ಡ ಪ್ರಮಾಣದಲ್ಲಿ ನೋಡಿದವರಿಗೂ ಇದೇ ತೊಡಕು ಎದುರಾಗಿದೆ. ಜರ್ಮನಿಯ ವಿಜ್ಞಾನಿಗಳು 160 ಭೂಕಂಪಗಳಿಗೆ ಮೊದಲು ಪ್ರಾಣಿಗಳು ವಿಚಿತ್ರವಾಗಿ ವರ್ತಿಸಿದವು ಎಂಬ 729 ವರದಿಗಳನ್ನು ಕೂಡಿಸಿ 2018ರಲ್ಲಿ ಪರಿಶೀಲಿಸಿದರು. ಅವುಗಳಲ್ಲಿ ಬಹಳಷ್ಟು ಸುಮ್ನೆ ನೆನಪಿನಿಂದ ಹೇಳಿದ ಪ್ರಸಂಗಗಳು. ಪ್ರಾಣಿ ಬೇರೆ ದಿನಗಳಲ್ಲಿ ಹೇಗಿರುತ್ತಿತ್ತು ಎಂಬ ದಾಖಲೆಯೇ ಇಲ್ಲ. ಚೀನಾದ ಹೈಚೆಂಗ್ ಕಥೆ ನೀವೂ ಕೇಳಿರುತ್ತೀರಿ. 1975ರ ಫೆಬ್ರವರಿ 4ರಂದು 7.3ರ ಭೂಕಂಪ ಆಗುವ ಮುಂಚೆ ಜನರನ್ನು ಮನೆಯಿಂದ ಹೊರಗೆ ಕಳಿಸಿದ್ದರು. ಚಳಿಯಲ್ಲಿ ಹಾವುಗಳು ಬಿಲ ಬಿಟ್ಟು ಬಂದಿದ್ದವು ಎನ್ನುತ್ತಾರೆ. ಆದರೆ ಅಲ್ಲಿ ಮುಖ್ಯ ಕಂಪನಕ್ಕೆ ಮೊದಲು ನೂರಾರು ಸಣ್ಣ ಕಂಪನಗಳು ಆಗಿದ್ದವು. ನಿಜವಾದ ಎಚ್ಚರಿಕೆ ಅವು. ಮರುವರ್ಷ ಜುಲೈ 28ರಂದು ಅದೇ ದೇಶದ ತಾಂಗ್‌ಶಾನ್‌ನಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಜನ ಸತ್ತರು. ಅಲ್ಲಿ ಯಾರನ್ನೂ ಮೊದಲೇ ಹೊರಗೆ ಕಳಿಸಲು ಆಗಲಿಲ್ಲ.

ಹಾಗಂತ ಬಾಗಿಲು ಮುಚ್ಚಿಲ್ಲ. ನನಗೆ ಆಸೆ ಹುಟ್ಟಿಸಿದ್ದು ಇಟಲಿಯ ಒಂದು ಕೊಟ್ಟಿಗೆ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಮಾರ್ಟಿನ್ ವಿಕೆಲ್‌ಸ್ಕಿ ಮತ್ತು ಅವರ ಜೊತೆಗಾರರು 2016-17ರಲ್ಲಿ ಅಲ್ಲಿನ ಆರು ಆಕಳು, ಐದು ಕುರಿ, ಎರಡು ನಾಯಿಗಳ ಕೊರಳಿಗೆ ಚಲನೆ ಅಳೆಯುವ ಯಂತ್ರ ಕಟ್ಟಿದರು. ಕೊಟ್ಟಿಗೆಯಲ್ಲಿ ಒಟ್ಟಿಗೆ ಇದ್ದಾಗ ಅವು ಕಂಪನಕ್ಕೆ 1ರಿಂದ 20 ಗಂಟೆ ಮೊದಲು ಎಂದಿಗಿಂತ ಜಾಸ್ತಿ ಚಡಪಡಿಸಿದವು, ಕಂಪನದ ಕೇಂದ್ರ ಹತ್ತಿರ ಇದ್ದಷ್ಟೂ ಮುಂಚೆ ಚಡಪಡಿಸಿದವು ಎಂದು ಅವರು 2020ರಲ್ಲಿ ಪ್ರಕಟಿಸಿದರು. ಬಯಲಲ್ಲಿ ಮೇಯುವಾಗ ಹಾಗೆ ಸ್ಪಷ್ಟವಾಗಿ ಕಾಣಲಿಲ್ಲ. ಇದು ಒಂದೇ ಕೊಟ್ಟಿಗೆಯ ಲೆಕ್ಕ. ಇನ್ನೂ ಹತ್ತು ಕಡೆ ನೋಡಿದ ಹೊರತು ಏನೂ ಹೇಳಲು ಬರುವುದಿಲ್ಲ. ಆದರೆ ಹತ್ತು ಕಡೆ ನೋಡಲು ಚಿಂಚೋಳಿಗಿಂತ ಒಳ್ಳೆಯ ಜಾಗ ಯಾವುದು? ಇಲ್ಲಿ ಮನೆಮನೆಗೂ ದನ ಇವೆ, ನೆಲವೂ ಆಗಾಗ ಅದುರುತ್ತದೆ.

ಅದಕ್ಕೇ ಈ ಪತ್ರ. ನಮ್ಮ ಭಾಗದ ಪ್ರೌಢಶಾಲೆಗಳಲ್ಲಿ, ಗ್ರಾಮ ಪಂಚಾಯಿತಿಗಳಲ್ಲಿ ಇಂಥದೊಂದು ಪುಸ್ತಕ ಇಡಿಸಬೇಕು. ಮಕ್ಕಳು ತಮ್ಮ ಮನೆಯ ನಾಯಿ, ಆಡು, ಎತ್ತು ನೋಡಿ ಬರೆಯಲಿ. ಏನೂ ವಿಶೇಷ ಇಲ್ಲದ ದಿನವೂ ‘ಏನಿಲ್ಲ’ ಎಂದು ಬರೆಯಲಿ, ಮುಖ್ಯವಾದದ್ದು ಅದೇ. ಪಶುವೈದ್ಯರು ತಿಂಗಳಿಗೊಮ್ಮೆ ಕಣ್ಣು ಹಾಯಿಸಲಿ. ಕಂಪನ ಆದ ಹೊತ್ತು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಯಂತ್ರಗಳಲ್ಲಿ ದಾಖಲಾಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಜಾಸ್ತಿ ಖರ್ಚಿಲ್ಲ.

ಪತ್ರಿಕೆಗೂ ಒಂದು ಕೋರಿಕೆ. ಭೂಕಂಪ ಆದ ಮೇಲೆ ‘ನಾಯಿಗೆ ಮೊದಲೇ ಗೊತ್ತಿತ್ತು’ ಎಂಬ ಸುದ್ದಿ ಬಂದರೆ, ‘ಮೊದಲೇ ಬರೆದಿಟ್ಟಿದ್ದೀರಾ?’ ಎಂದು ನಿಮ್ಮ ವರದಿಗಾರರು ಕೇಳಲಿ. 2023ರ ಫೆಬ್ರವರಿಯಲ್ಲಿ ಟರ್ಕಿಯ ಭೂಕಂಪ ಆದಾಗ ಹಕ್ಕಿಗಳ ವಿಡಿಯೊ ನಮ್ಮ ಓಣಿಯ ಎಲ್ಲರ ಮೊಬೈಲಿಗೂ ಬಂತು. ಅದನ್ನು ತೆಗೆದದ್ದು ಎಂದು, ಎಷ್ಟು ಹೊತ್ತಿಗೆ ಎಂದು ಕೇಳಿದವರನ್ನು ನಾನು ನೋಡಲಿಲ್ಲ. ಭೂಕಂಪ ಇಂಥ ದಿನ ಇಷ್ಟು ಗಂಟೆಗೆ ಆಗುತ್ತದೆ ಎಂದು ಹೇಳಬಲ್ಲವರು ಇವತ್ತು ಜಗತ್ತಿನಲ್ಲೇ ಯಾರೂ ಇಲ್ಲ. ಅಂಥ ಸಂದೇಶ ಯಾರೇ ಕಳಿಸಲಿ, ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ಇನ್ನೊಂದು ಮಾತು, ಇದು ನನಗೆ ಎಲ್ಲಕ್ಕಿಂತ ಹೆಚ್ಚು. ಕಿಲ್ಲಾರಿಯಲ್ಲಿ ಎಚ್ಚರಿಕೆ ಸಿಗಲೇ ಇಲ್ಲ ಎನ್ನುವಂತಿಲ್ಲ. ಹಿಂದಿನ ವರ್ಷ, 1992ರಲ್ಲೇ ಅಲ್ಲಿ ನೆಲ ಮತ್ತೆ ಮತ್ತೆ ಅದುರಿತ್ತು. ಜನ ಹೊರಗೆ ಮಲಗಿದರು, ಸಾಕಾಗಿ ಮತ್ತೆ ಒಳಗೆ ಬಂದರು. ಎಷ್ಟು ದಿನ ಅಂತ ಹೊರಗೆ ಮಲಗಲು ಆಗುತ್ತದೆ? ಜನರ ಜೀವ ತೆಗೆದದ್ದು ಮನೆಗಳು. ಎರಡು-ಮೂರು ಅಡಿ ದಪ್ಪದ ಗೋಡೆ. ಒಳಗೊಂದು, ಹೊರಗೊಂದು ಕಲ್ಲಿನ ಸಾಲು, ನಡುವೆ ಬರೀ ಮಣ್ಣು. ಮೇಲೆ ಮಾಳಿಗೆ, ಅಂದರೆ ಮಣ್ಣಿನ ಚಾವಣಿ. ಸೋರಬಾರದು ಎಂದು ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕುತ್ತೇವೆ, ಹಳೆಯದನ್ನು ಯಾರು ಇಳಿಸುತ್ತಾರೆ? ಅಪ್ಪನ ಕಾಲದ್ದು, ಅಜ್ಜನ ಕಾಲದ್ದು ಎಲ್ಲ ಅಲ್ಲೇ ಇರುತ್ತದೆ. ನನ್ನ ಮನೆಯ ಮಾಳಿಗೆಯನ್ನೇ ಒಂದು ಮೂಲೆಯಲ್ಲಿ ಅಗೆದು ಅಳೆದೆ. ಹದಿನೆಂಟು ಅಂಗುಲ ಮಣ್ಣು ಇತ್ತು. ಅದರ ಕೆಳಗೆ ನಾವು ಮೂವತ್ತು ವರ್ಷ ಮಲಗಿದ್ದೆವು. ಹೋದ ಬೇಸಿಗೆಯಲ್ಲಿ ಆಳು ಹಚ್ಚಿ ಇಳಿಸಿ, ತಗಡು ಹಾಕಿಸಿದೆ. ಗೋಡೆಯಲ್ಲಿ ಅಲ್ಲಲ್ಲಿ ಎರಡೂ ಸಾಲನ್ನು ಹಿಡಿದುಕೊಳ್ಳುವಂಥ ಉದ್ದ ಕಲ್ಲು ಕೂಡಿಸಿದ್ದೇನೆ. ಈ ಕೆಲಸ ಮಾಡಿಸಲು ನಮ್ಮ ಹಳ್ಳಿಗಳ ಬಡವರಿಗೆ ಸರ್ಕಾರ ಸಾಲವನ್ನೋ ಸಹಾಯಧನವನ್ನೋ ಕೊಡಬೇಕು. ಆರೇಳು ಸೆಕೆಂಡು ಮುಂಚೆ ಎತ್ತಿನ ಗಂಟೆ ಬಾರಿಸಿದರೆ, ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಬರುವಷ್ಟು ಹೊತ್ತು ಆ ಗೋಡೆ ನಿಂತಿರಬೇಕು ಅಲ್ವಾ?

ಮೋತ್ಯಾನಿಗೆ ಈಗ ವಯಸ್ಸಾಗಿದೆ, ಒಂದು ಕಿವಿ ಸರಿಯಾಗಿ ಕೇಳಿಸದು. ಆದರೂ ಬರೆಯುವುದು ಬಿಟ್ಟಿಲ್ಲ. ನಿನ್ನೆ ರಾತ್ರಿ 11 ಗಂಟೆ 20 ನಿಮಿಷಕ್ಕೆ ಎದ್ದು ಅಂಗಳವನ್ನು ಮೂರು ಸುತ್ತು ಹಾಕಿತು. ಎಮ್ಮೆ ಮೆಲುಕು ಹಾಕುತ್ತ ಮಲಗಿತ್ತು. ಬೇರೆ ಕಾರಣ ಕಾಣಲಿಲ್ಲ. ಕೊನೆಯ ಮನೆಯನ್ನು ನಾಳೆ ರಾತ್ರಿ ತುಂಬುತ್ತೇನೆ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಶಿಕ್ಷಕ
ಚಿಂಚೋಳಿ ತಾಲ್ಲೂಕು, ಕಲಬುರಗಿ ಜಿಲ್ಲೆ