ಟ್ಯೂಬಿನಲ್ಲೇ ಇಳಿದುಹೋದ ಸಕ್ಕರೆ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ನಮಸ್ಕಾರ ಸರ್.

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ಲ್ಯಾಬ್ ಟೆಕ್ನಿಶಿಯನ್ ಆಗಿ ಕೆಲಸ ಮಾಡಿ ನಿವೃತ್ತನಾದವನು. ಸಾವಿರಾರು ಜನರ ರಕ್ತ ನೋಡಿದ್ದೇನೆ, ಮುಖ ನೋಡಿದ್ದು ಕಡಿಮೆ. ಆದರೆ ಒಬ್ಬ ಅಜ್ಜನ ಮುಖ ಮಾತ್ರ ಇನ್ನೂ ಕಣ್ಣೆದುರಿಗೆ ಬರುತ್ತದೆ.

ಅಜ್ಜನಿಗೆ ಸಕ್ಕರೆ ಕಾಯಿಲೆ. ಅವರ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆಳಿಗ್ಗೆ ಏಳಕ್ಕೆ ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದಿದ್ದರು. ಅಲ್ಲಿನ ಮೆಷಿನ್ ಕೆಟ್ಟಿತ್ತು, ಹಾಗಾಗಿ ಟ್ಯೂಬ್ ನಮ್ಮ ತಾಲ್ಲೂಕು ಆಸ್ಪತ್ರೆಗೆ ಬಂತು. ಬರುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆ. ಅದೂ ಕೆಂಪು ಮುಚ್ಚಳದ ಟ್ಯೂಬ್. ಸಕ್ಕರೆ ನೋಡೋಕೆ ಬೂದು ಮುಚ್ಚಳದ್ದು ಬೇಕು, ಅದರಲ್ಲಿ ಸಕ್ಕರೆ ಇಳಿಯುವುದನ್ನು ತಡೆಯುವ ಫ್ಲೋರೈಡ್ ಇರುತ್ತದೆ. ಅಲ್ಲಿ ಅದು ಮುಗಿದು ತಿಂಗಳಾಗಿತ್ತಂತೆ. ನಾನು ಮೆಷಿನ್‌ಗೆ ಹಾಕಿದೆ, 112 ಬಂತು. ಬರೆದು ಕಳಿಸಿದೆ. ಡಾಕ್ಟರು 'ಪರವಾಗಿಲ್ಲ, ಇದೇ ಮಾತ್ರೆ ಮುಂದುವರಿಸಿ' ಎಂದರು. ಮೂರು ತಿಂಗಳ ಮೇಲೆ ಅಜ್ಜ ಕಾಲಿನ ಹುಣ್ಣು ಕಟ್ಟಿಸಿಕೊಂಡು ನಮ್ಮಲ್ಲಿಗೇ ಬಂದರು. ಅವತ್ತು ನನ್ನೆದುರೇ ತೆಗೆದ ರಕ್ತದಲ್ಲಿ ಸಕ್ಕರೆ 240 ದಾಟಿತ್ತು.

ಟ್ಯೂಬಿಗೆ ಇಳಿದ ಮೇಲೂ ರಕ್ತಕಣಗಳು ಜೀವಂತ ಇರುತ್ತವೆ ಸರ್. ಅವುಗಳಿಗೂ ಹಸಿವು. ಸುತ್ತಲಿನ ಸಕ್ಕರೆಯನ್ನೇ ತಿನ್ನುತ್ತವೆ, ಗಂಟೆಗೆ ಸುಮಾರು ಶೇ 5ರಿಂದ 7ರಷ್ಟು. ಬಿಸಿಲಿಗೆ ಇನ್ನೂ ಜಾಸ್ತಿ. 160 ಇದ್ದದ್ದು ಆರು ಗಂಟೆಯಲ್ಲಿ 110ರ ಹತ್ತಿರ ಇಳಿಯೋದು ದೊಡ್ಡ ವಿಷಯವೇ ಅಲ್ಲ. ಮೆಷಿನ್ ಸುಳ್ಳು ಹೇಳಲಿಲ್ಲ, ಟ್ಯೂಬಿನಲ್ಲಿ ಎಷ್ಟಿತ್ತೋ ಅಷ್ಟನ್ನೇ ಅಳೆಯಿತು. ಆ ಸ್ಯಾಂಪಲ್ ಬೇಡ ಎಂದು ನಾನು ವಾಪಸ್ ಕಳಿಸಬೇಕಿತ್ತು. ಪಾಪ, ಆ ವಯಸ್ಸಿನಲ್ಲಿ ಇನ್ನೊಂದು ಬೆಳಿಗ್ಗೆ ಹಸಿದುಕೊಂಡು ಬರಬೇಕಲ್ಲ ಎಂದು ಸುಮ್ಮನಾದೆ. ನನ್ನ ಆ ಕನಿಕರವೇ ಅವರ ಕಾಲಿಗೆ ಮುಳುವಾಯಿತೇನೋ.

ಇದರ ಉಲ್ಟಾ ಕೂಡ ಆಗುತ್ತದೆ. ರಕ್ತಕಣದ ಒಳಗೆ ಹೊರಗಿಗಿಂತ 20 ಪಟ್ಟಿಗೂ ಜಾಸ್ತಿ ಪೊಟ್ಯಾಸಿಯಂ ಇರುತ್ತದೆ. ನರ ಸಿಗದೆ ಒದ್ದಾಡಿ, ಸಿರಿಂಜ್ ಜೋರಾಗಿ ಎಳೆದು, ಸೂಜಿ ಸಮೇತ ಟ್ಯೂಬಿಗೆ ಒತ್ತಿ ತುಂಬಿಸಿದರೆ ಕಣಗಳು ಒಡೆಯುತ್ತವೆ. ಆಗ ಒಳಗಿನ ಪೊಟ್ಯಾಸಿಯಂ ಹೊರಗೆ ಸೇರಿ, 4.3 ಇರಬೇಕಾದದ್ದು 6.8 ಬರುತ್ತದೆ. 6.8 ಎಂದರೆ ಹೃದಯ ನಿಲ್ಲಬಹುದು ಎಂಬ ಲೆಕ್ಕ. ವಾರ್ಡಿನಲ್ಲಿ ಓಡಾಟ ಶುರುವಾಗುತ್ತದೆ, ಮನೆಯವರು ಅಳುತ್ತಾರೆ. ಅನುಭವ ಇರುವ ಡಾಕ್ಟರಾದರೆ ಇಸಿಜಿ ನೋಡಿ 'ಇನ್ನೊಂದ್ಸಲ ತೆಗೀರಿ' ಅಂತಾರೆ. ಎಲ್ಲ ರಾತ್ರಿಯೂ ಅಂಥವರು ಡ್ಯೂಟಿಯಲ್ಲಿ ಇರುತ್ತಾರಾ?

ನನ್ನೊಬ್ಬನ ಗೋಳಲ್ಲ ಇದು. 1997ರಲ್ಲಿ ಇಟಲಿಯ ಪಡೋವಾದ ಆಸ್ಪತ್ರೆಯೊಂದರ ತುರ್ತು ಲ್ಯಾಬಿನ ತಪ್ಪುಗಳನ್ನು ಪ್ಲೆಬಾನಿ ಮತ್ತು ಕರಾರೊ ಎಂಬ ಇಬ್ಬರು ಸಂಶೋಧಕರು ಒಂದೊಂದಾಗಿ ಲೆಕ್ಕ ಹಾಕಿದರು. ಅದರಲ್ಲಿ ಶೇ 68ರಷ್ಟು ತಪ್ಪು ಸ್ಯಾಂಪಲ್ ಮೆಷಿನ್‌ಗೆ ಹೋಗುವ ಮೊದಲೇ ಆಗಿತ್ತು. ಮೆಷಿನ್ ಹಂತದಲ್ಲಿ ಆದದ್ದು ಶೇ 13 ಅಷ್ಟೇ. ನಾವು ದುಡ್ಡು ಸುರಿಯುವುದು ಮಾತ್ರ ಆ 13ರ ಮೇಲೆ.

ನಮ್ಮಲ್ಲಿಗೂ ರಕ್ತ ಪರೀಕ್ಷೆಯನ್ನು ತಾನೇ ಮಾಡುವ ಒಂದು ಹೊಸ ಮೆಷಿನ್, ಆಟೋ ಅನಲೈಜರ್, ಬಂದಿತ್ತು. ಹೂವಿನ ಹಾರ, ಟೇಪು, ಫೋಟೋ ಎಲ್ಲ ಆಯಿತು. ಫೋಟೋದ ತುದಿಯಲ್ಲಿ ನನ್ನ ಅರ್ಧ ಭುಜ ಇದೆ. ಒಂದು ಗಂಟೆಯಲ್ಲಿ ನೂರಾರು ಪರೀಕ್ಷೆ ಮಾಡುತ್ತದೆ ಎಂದು ಭಾಷಣದಲ್ಲಿ ಹೇಳಿದರು. ತಪ್ಪನ್ನೂ ಅಷ್ಟೇ ವೇಗದಲ್ಲಿ ಮಾಡಬಲ್ಲದು ಎಂದು ಯಾರೂ ಹೇಳಲಿಲ್ಲ.

ಸಂತೆಯಲ್ಲಿ ಬದನೆಕಾಯಿ ಮಾರುವವರ ತಕ್ಕಡಿಗೆ ಕಾಲಕಾಲಕ್ಕೆ ಸರ್ಕಾರದ ಮುದ್ರೆ ಬೀಳಬೇಕು, ಅಲ್ವಾ? ಲ್ಯಾಬಿನ ಮೆಷಿನ್‌ಗೂ ಅಂಥದ್ದೊಂದು ಪರೀಕ್ಷೆ ಇದೆ. ಕಂಟ್ರೋಲ್ ಎನ್ನುತ್ತೇವೆ. ಎಷ್ಟು ಬರಬೇಕು ಎಂದು ಮೊದಲೇ ಗೊತ್ತಿರುವ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ), ಒಂದು ಚಿಕ್ಕ ಬಾಟಲಿ. ದಿನಾ ಬೆಳಿಗ್ಗೆ ರೋಗಿಗಳ ರಕ್ತಕ್ಕಿಂತ ಮೊದಲು ಅದನ್ನು ಹಾಕಬೇಕು. ಬಂದ ಅಂಕಿಯನ್ನು ಚಾರ್ಟಿನಲ್ಲಿ ಚುಕ್ಕಿ ಇಡಬೇಕು. ಲೆವಿ ಮತ್ತು ಜೆನ್ನಿಂಗ್ಸ್ ಎಂಬಿಬ್ಬರು 1950ರಲ್ಲೇ ಲ್ಯಾಬಿಗೆ ತಂದ ಚಾರ್ಟ್ ಅದು, ಗ್ರಾಫ್ ಹಾಳೆ ಇದ್ದರೆ ಸಾಕು. ಚುಕ್ಕಿ ಚಾರ್ಟಿನ ಮಿತಿಯ ಗೆರೆ ದಾಟಿದರೆ ಅವತ್ತು ರಿಪೋರ್ಟ್ ನಿಲ್ಲಿಸಿ ಕಾರಣ ಹುಡುಕಬೇಕು. ಪರೀಕ್ಷೆಗೆ ಹಾಕುವ ರಾಸಾಯನಿಕ (ರೀಜೆಂಟ್) ಹಳತಾಯಿತಾ, ರಾತ್ರಿ ಕರೆಂಟ್ ಹೋಗಿ ಫ್ರಿಜ್ ಬಿಸಿಯಾಗಿತ್ತಾ, ನೀರು ಸರಿ ಇಲ್ಲವಾ? ಚುಕ್ಕಿಗಳು ದಿನಾ ಒಂದೊಂದು ಕೂದಲೆಳೆಯಷ್ಟು ಮೇಲೇರುತ್ತಾ ಹೋದರೆ ಅದೂ ಒಂದು ಎಚ್ಚರಿಕೆ. ತಪ್ಪು ಆಗುವ ಮೊದಲೇ ಗೊತ್ತಾಗುತ್ತದೆ. ನನ್ನ ಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದೇ ಆ ಚುಕ್ಕಿ ಇಡುವ ಐದು ನಿಮಿಷ.

ಆದರೆ ಆ ಬಾಟಲಿ ಸಿಗುತ್ತಿರಲಿಲ್ಲ. ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿದರೆ 'ರೋಗಿಗೆ ಬೇಕಾದ್ದು ಮೊದಲು' ಎಂಬ ಉತ್ತರ. ಕಂಟ್ರೋಲ್ ಯಾವ ರೋಗಿಯ ಹೆಸರಲ್ಲೂ ಖರ್ಚಾಗುವುದಿಲ್ಲ, ಹಾಗಾಗಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಉಳಿದ ಸೀರಮ್‌ಗಳನ್ನೆಲ್ಲ ಕೂಡಿಸಿ ಫ್ರೀಜರಿನಲ್ಲಿಟ್ಟು ನಾವೇ ಒಂದು ಪೂಲ್ ಮಾಡಿಕೊಂಡು ದಿನ ತಳ್ಳಿದ್ದೂ ಇದೆ. ಪರಿಶೀಲನಾ ತಂಡ ಬರುವ ವಾರ ಮಾತ್ರ ಅಸಲಿ ಬಾಟಲಿ ಎಲ್ಲಿಂದಲೋ ಪ್ರತ್ಯಕ್ಷವಾಗುತ್ತಿತ್ತು!

ಇನ್ನೊಂದು ತಾಳೆಯೂ ಬೇಕು. ನಮ್ಮ ಲ್ಯಾಬಿನ 112 ಬೇರೆ ಲ್ಯಾಬಿನಲ್ಲೂ 112 ಆಗಿರುತ್ತದಾ? ಪಕ್ಕದ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ಬಯೋಕೆಮಿಸ್ಟ್ರಿ ವಿಭಾಗ ಇದಕ್ಕೆಂದೇ ವರ್ಷಗಳಿಂದ ಒಂದು ಯೋಜನೆ ನಡೆಸುತ್ತಿದೆ. ಅವರು ಅಂಕಿ ಹೇಳದೆ ಸ್ಯಾಂಪಲ್ ಕಳಿಸುತ್ತಾರೆ. ನಾವು ಪರೀಕ್ಷೆ ಮಾಡಿ ತಿಂಗಳಿಗೊಮ್ಮೆ ಉತ್ತರ ಕಳಿಸಬೇಕು. ದೇಶದ ಸಾವಿರಾರು ಲ್ಯಾಬುಗಳ ನಡುವೆ ನಾವೆಲ್ಲಿದ್ದೇವೆ ಎಂದು ತಿಳಿಯುತ್ತದೆ. ಶಾಲೆಯ ಮಾರ್ಕ್ಸ್ ಕಾರ್ಡ್ ಇದ್ದಂತೆ. ನಾನಿದ್ದ ಲ್ಯಾಬ್ ಒಂದು ವರ್ಷ ಸೇರಿತ್ತು. ಮರುವರ್ಷ ಶುಲ್ಕದ ಫೈಲ್ ಎಲ್ಲೋ ನಿಂತಿತು, ಅಲ್ಲಿಗೆ ಮುಗಿಯಿತು.

ಖಾಸಗಿ ಲ್ಯಾಬುಗಳಿಗೆ ನಮ್ಮ ರಾಜ್ಯದಲ್ಲಿ 2007ರ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆ ಇದೆ. ಸರ್ಕಾರಿ ಲ್ಯಾಬುಗಳು ಅದರ ಹೊರಗೆ. ಐಎಸ್ಒ 15189 ಎಂಬ ಅಂತರರಾಷ್ಟ್ರೀಯ ಲ್ಯಾಬ್ ಮಾನದಂಡ ನೋಡಿ ಎನ್‌ಎಬಿಎಲ್ ಎಂಬ ರಾಷ್ಟ್ರೀಯ ಮಂಡಳಿ ಕೊಡುವ ಮಾನ್ಯತೆ ಇದೆ, ಅದು ಬೇಕೆನಿಸಿದವರು ಪಡೆಯುವಂಥದ್ದು. ಉಚಿತ ಪರೀಕ್ಷಾ ಯೋಜನೆಯ ಮಾರ್ಗಸೂಚಿ ಜಿಲ್ಲಾ ಆಸ್ಪತ್ರೆಯಲ್ಲಿ 134, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 63 ಬಗೆಯ ಪರೀಕ್ಷೆ ಇರಬೇಕು ಎನ್ನುತ್ತದೆ. ಒಳ್ಳೆಯದೇ. ಆದರೆ ಇಲಾಖೆಯ ಸಭೆಗಳಲ್ಲಿ ನಾವು ಓದಿ ಹೇಳುತ್ತಿದ್ದದ್ದು ತಿಂಗಳಿಗೆ ಎಷ್ಟು ಪರೀಕ್ಷೆ ಆಯಿತು ಎಂಬುದನ್ನು. ಎಷ್ಟು ಸರಿ ಬಂದವು ಎಂಬ ಕಾಲಂ ಆ ನಮೂನೆಯಲ್ಲಿ ಇರಲಿಲ್ಲ.

ಹಾಗಾಗಿ ಕಂಟ್ರೋಲ್‌ಗೆ ಮತ್ತು ವೆಲ್ಲೂರಿನಂಥ ಹೊರಗಿನ ತಾಳೆಗೆ ಬಜೆಟ್ಟಿನಲ್ಲಿ ಬೇರೆಯದೇ ಶೀರ್ಷಿಕೆ ಕೊಡಿ ಸರ್, ಬೇರೆ ಕಡೆ ಖರ್ಚು ಮಾಡಲು ಆಗದ ಹಾಗೆ. ಬೂದು ಮುಚ್ಚಳದ ಟ್ಯೂಬ್ ಯಾವ ಆರೋಗ್ಯ ಕೇಂದ್ರದಲ್ಲೂ ಮುಗಿಯಬಾರದು. ಟ್ಯೂಬಿನ ಮೇಲೆ ರಕ್ತ ತೆಗೆದ ಸಮಯ ಬರೆಯುವುದು ಕಡ್ಡಾಯವಾಗಲಿ, ಅದಕ್ಕಂತೂ ಪೆನ್ನೊಂದೇ ಖರ್ಚು.

ಇದಕ್ಕಿಂತ ಕಷ್ಟದ ಕೆಲಸ ಒಂದಿದೆ. ಕಂಟ್ರೋಲ್ ತಪ್ಪು ಬಂತೆಂದು ಬರೆದಿಟ್ಟ ಟೆಕ್ನಿಶಿಯನ್‌ಗೆ ನೋಟಿಸ್ ಕೊಡುವುದನ್ನು ನಿಲ್ಲಿಸಬೇಕು. ನನಗೂ ಒಂದು ಸಲ ಸಿಕ್ಕಿತ್ತು, 'ರಿಪೋರ್ಟ್ ತಡ ಮಾಡಿದ್ದಕ್ಕೆ'. ಗುತ್ತಿಗೆಯ ಮೇಲಿರುವ ಹುಡುಗ ಹುಡುಗಿಯರು ಅಂಥ ಧೈರ್ಯ ಎಲ್ಲಿಂದ ಮಾಡುತ್ತಾರೆ? ಗೆರೆ ದಾಟಿದ ಚುಕ್ಕಿಯನ್ನು ಒಳಗೆ ಸರಿಸಿ ಇಟ್ಟುಬಿಡುತ್ತಾರೆ. ಒಂದೂ ಚುಕ್ಕಿ ಗೆರೆ ದಾಟದ ಚಾರ್ಟ್ ಕಂಡರೆ ನನಗೆ ಅನುಮಾನವೇ ಜಾಸ್ತಿ.

ಜನ ಇಲ್ಲ ಎನ್ನಬೇಡಿ. 2020ರ ನಿಯಮದ ಪ್ರಕಾರ ಎಂಡಿ ಓದುವವರು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ಬಯೋಕೆಮಿಸ್ಟ್ರಿ ಎಂಡಿಯವರೂ ಅದರಲ್ಲಿ ಸೇರಿದ್ದಾರೆ. ಅವರು ಪ್ರಬಂಧ ಬೇರೆ ಬರೆಯಲೇಬೇಕು. ಪಡೋವಾದವರು ಮಾಡಿದ ಲೆಕ್ಕವನ್ನು ಒಬ್ಬರು ರಾಯಚೂರಿನಲ್ಲಿ, ಒಬ್ಬರು ಚಾಮರಾಜನಗರದಲ್ಲಿ ಮಾಡಲಿ. ಎಷ್ಟು ಸ್ಯಾಂಪಲ್ ತಡವಾಗಿ ಬಂತು, ಎಷ್ಟರಲ್ಲಿ ರಕ್ತಕಣ ಒಡೆದಿತ್ತು, ಯಾವ ಟ್ಯೂಬ್ ಇರಲಿಲ್ಲ ಎಂದು ಬರೆಯಲಿ. ಮೆಡಿಕಲ್ ಕಾಲೇಜುಗಳು ನಿಮ್ಮ ಇಲಾಖೆಯಲ್ಲ, ವೈದ್ಯಕೀಯ ಶಿಕ್ಷಣದವರದ್ದು, ಗೊತ್ತು. ಅದು ನೀವಿಬ್ಬರೂ ಸಚಿವರು ಒಂದು ಕಾಫಿ ಕುಡಿಯುತ್ತಾ ಮುಗಿಸಬಹುದಾದ ಮಾತು.

ನಿವೃತ್ತನಾಗುವಾಗ ನನ್ನ ಕೈಬರಹದ ಹನ್ನೊಂದು ತಿಂಗಳ ಚಾರ್ಟುಗಳನ್ನು ಝೆರಾಕ್ಸ್ ಮಾಡಿಸಿಕೊಂಡು ಮನೆಗೆ ತಂದಿದ್ದೇನೆ. ಗೆರೆ ದಾಟಿದ ಚುಕ್ಕಿಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ, ಪಕ್ಕದಲ್ಲಿ ಕಾರಣ ಬರೆದಿದೆ. 'ಫ್ರಿಜ್' ಎಂಬ ಪದವೇ ಜಾಸ್ತಿ ಸಲ ಇದೆ. ಇಲಾಖೆಯಲ್ಲಿ ಯಾರಿಗಾದರೂ ನೋಡುವ ಮನಸ್ಸಿದ್ದರೆ ನಾನೇ ಬೆಂಗಳೂರಿಗೆ ತಂದು ತೋರಿಸುತ್ತೇನೆ.

ಇಂತಿ,
ಒಬ್ಬ ನಿವೃತ್ತ ಲ್ಯಾಬ್ ಟೆಕ್ನಿಶಿಯನ್